ಗೋಡೆಗೆ ಅಂಟಿದ ಬೈಗುಳ

ಊರಿನ ಎಲ್ಲ ಹೋಟೆಲುಗಳಂತೆ ಈ ಹೋಟೆಲಿನ ಅಡುಗೆಮನೆಯಲ್ಲೂ ಯಾರಾದರೂ ಬೈದರೆ ಆ ಮಾತು ಮಸಿಯ ಅಕ್ಷರಗಳಾಗಿ ಗೋಡೆಗೆ ಅಂಟುತ್ತಿತ್ತು. ದೋಸೆಭಟ್ಟ ವಾಮನನ ಬಾಯಿಗಂತೂ ಬಿಡುವೇ ಇರಲಿಲ್ಲ. ಅವನ 'ಸೋಂಬೇರಿ', 'ಕತ್ತೆ'ಗಳನ್ನೆಲ್ಲ ಮಧ್ಯಾಹ್ನ ಹುಣಸೆಹಣ್ಣು ಹಚ್ಚಿ ತಿಕ್ಕಬೇಕಾದವಳು ಚಟ್ನಿ ರುಬ್ಬುವ ಪಂಕಜ. ಹೋದ ವಾರ ತೋಳು ಸೋತು, ಯಜಮಾನರಿಗೆ ದೂರು ಕೊಟ್ಟುಬಿಟ್ಟಳು.

ಅಂದಿನಿಂದ ಗೋಡೆ ಬೆಳ್ಳಗಿದೆ. "ಪಂಕಜಾ ಅವರೇ, ಚಟ್ನಿ ಆಯ್ತಾ?" ಎನ್ನುತ್ತಾನೆ ವಾಮನ. ಅವಳಿಗೆ ಮೈಯೆಲ್ಲ ಉರಿಯುತ್ತದೆ. ಮೊದಲಾದರೆ ಬೈದುಕೊಂಡೇ ದಿನದ ಮೊದಲ ದೋಸೆಯನ್ನು ಅವಳ ತಟ್ಟೆಗೆ ಎಸೆಯುತ್ತಿದ್ದ. ಈಗ ಅದೂ ಇಲ್ಲ. ಗಿರಾಕಿಯ ಜೊತೆ ಆಡಿದಂಥ ಮಾತು, ಅಷ್ಟೇ.

ಇವತ್ತು ಬೆಳಿಗ್ಗೆ ಬಂದವನೇ ಕೇಳಿದ, "ಸ್ವಲ್ಪ ಆ ಸೌಟು ಕೊಡ್ತೀರಾ?"

"ಕೊಡ್ತೀರಾ ಅಂತೆ. ನಾನೇನು ನಿಮ್ಮನೆ ಬೀಗಿತ್ತಿಯಾ? ದರಿದ್ರದವನೇ, ಮೊದಲಿನ ಥರ ಮಾತಾಡು," ಎಂದು ರೇಗಿದಳು ಪಂಕಜ.

'ದರಿದ್ರದವನೇ' ಕಾವಲಿಯ ಹಿಂದಿನ ಗೋಡೆಗೆ ದಪ್ಪಗೆ ಅಂಟಿತು. ವಾಮನ ಅದನ್ನೇ ಒಂದು ಗಳಿಗೆ ನೋಡಿದ. ದೋಸೆ ಹುಯ್ದ, ಮಗುಚಿದ, ಅವಳ ತಟ್ಟೆಗೆ ಎಸೆದ.

"ತಿನ್ನು, ಕತ್ತೆ."

ಪಂಕಜ ಗೊಣಗುತ್ತಲೇ ಹುಣಸೆಹಣ್ಣು ನೆನೆಹಾಕಿದಳು.