ಸುಮ್ಮನಾಗದ ಡಬ್ಬಿ

ಗ್ಯಾಸ್ ಸೋರಿದರೆ ಎಚ್ಚರಿಸಲೆಂದು ತಾನೇ ತಯಾರಿಸಿದ್ದ ಡಬ್ಬಿ ಸುಮ್ಮಸುಮ್ಮನೆ ಅರಚತೊಡಗಿದಾಗ ಸಮನ್ವಿತಾಳ ಮುಖ ಬಿಳುಚಿಕೊಂಡಿತು. ಅವಳ ಮೂಗಿಗಾಗಲಿ, ಎದುರು ಕೂತಿದ್ದ ನರಹರಿಯವರ ಮೂಗಿಗಾಗಲಿ ಯಾವ ವಾಸನೆಯೂ ಬಡಿದಿರಲಿಲ್ಲ. ಬಟನ್ ಒತ್ತಿದಳು, ತಟ್ಟಿದಳು. ನಿಲ್ಲಲೊಲ್ಲದು.

ಹೊಸ ಕಂಪನಿಗಳಿಗೆ ಮೊದಲ ಬಂಡವಾಳ ಹಾಕುವ ನರಹರಿ, ಜಯನಗರದ ತಮ್ಮ ಮನೆಯ ಹಾಲ್‌ನಲ್ಲಿ ಇಂಥ ಎಷ್ಟೋ ಡೆಮೊ ಕೆಟ್ಟಿದ್ದನ್ನು ಕಂಡವರು. "ಇರ್ಲಿ ಬಿಡಮ್ಮ, ಸರಿ ಮಾಡ್ಕೊಂಡು ಇನ್ನೊಂದ್ಸಲ ಬಾ. ಕಾಫಿ ಕುಡ್ಕೊಂಡು ಹೋಗು," ಎಂದರು. ಕಾಫಿ ಎಂದೊಡನೆ, ಒಲೆಯ ಮೇಲಿಟ್ಟು ಮರೆತಿದ್ದ ಹಾಲು ನೆನಪಾಗಿ ಒಳಗೆ ಓಡಿದರು.

ಹಾಲು ಉಕ್ಕಿ ಉರಿ ಆರಿಹೋಗಿತ್ತು. ಗ್ಯಾಸ್ ಮಾತ್ರ ಸುಯ್ಯೆನ್ನುತ್ತಿತ್ತು. ಒಲೆ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದ ಸ್ವಲ್ಪ ಹೊತ್ತಿಗೆ ಡಬ್ಬಿ ತಾನಾಗಿಯೇ ಸುಮ್ಮನಾಯಿತು.

"ಸದ್ಯ, ಕೆಟ್ಟಿಲ್ಲ ಸಾರ್!" ಸಮನ್ವಿತಾ ಅದನ್ನು ಎದೆಗವಚಿಕೊಂಡಳು.

ನರಹರಿ ಸೋಫಾದ ಮೇಲೆ ಕುಸಿದು ಕೂತು ನಕ್ಕರು. "ನಾಳೆ ಅಗ್ರಿಮೆಂಟ್ ತಗೊಂಡ್ ಬಾಮ್ಮ. ಇದು ಮಾತ್ರ ಇವತ್ತಿಂದ್ಲೇ ಇಲ್ಲಿರ್ಲಿ."