ರಿಜಾನ ಫಾದಿಗಳು

"ಹತ್ತಬೇಡಿ ಮದಾಮ್. ಇವತ್ತು ಮಂಗಳವಾರ."

ಫ್ರೆಂಚ್ ಪ್ರವಾಸಿ ಮದಾಮ್ ಓದಿಲ್ ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟಳು. ಎದುರಿಗೆ ಕೆಂಪು ಬಂಡೆಯ ಬೆಟ್ಟ, ನೆತ್ತಿಯ ಮೇಲೆ ಸುಡುವ ಬಿಸಿಲು. ಹಿಂದೆ ನಿಂತಿದ್ದ ಗೈಡ್ ರಿಜಾನ ಮುಖದಲ್ಲಿ ಏಳು ತಲೆಮಾರಿನ ಗಾಂಭೀರ್ಯವಿತ್ತು.

"ಮಂಗಳವಾರ ಈ ಬಂಡೆ ತುಳಿಯೋದು ಫಾದಿ. ಪಿತೃಗಳು ಬೇಡ ಅಂದಿದ್ದಾರೆ."

ಬೇಡ ಅಂದಿದ್ದು ರಿಜಾನ ಮೊಣಕಾಲು.

ಮಡಗಾಸ್ಕರ್‌ನಲ್ಲಿ ಊರಿಗೊಂದು ಫಾದಿ, ಪಿತೃಗಳು ಹಾಕಿಟ್ಟ ನಿಷೇಧ. ಒಂದು ಕಡೆ ಹಂದಿ ಮಾಂಸ ಕೂಡದು, ಇನ್ನೊಂದು ಕಡೆ ಗುರುವಾರ ಗದ್ದೆಗೆ ಇಳಿಯಕೂಡದು, ಮತ್ತೊಂದು ಕಡೆ ಸಮಾಧಿಯತ್ತ ಬೆರಳು ತೋರಿಸಕೂಡದು. ಯಾಕೆ ಎಂದು ಯಾರೂ ಕೇಳುವುದಿಲ್ಲ. ಇಷ್ಟೆಲ್ಲ ಇರುವಾಗ ಇನ್ನು ನಾಲ್ಕು ಸೇರಿದರೆ ದ್ವೀಪವೇನೂ ಮುಳುಗುವುದಿಲ್ಲ ಎಂಬುದು ರಿಜಾನ ಲೆಕ್ಕಾಚಾರ. ಪೂರ್ವದ ಮಳೆಕಾಡಿನಲ್ಲಿ ಜಿಗಣೆ ಕಂಡ ಕೂಡಲೇ, ತುಂತುರು ಮಳೆಯಲ್ಲಿ ಲೆಮೂರ್ ನೋಡುವುದು ಫಾದಿಯಾಗಿತ್ತು. ದಕ್ಷಿಣದ ಮುಳ್ಳುಕಾಡಿನಲ್ಲಿ ಚೀಸ್ ಹೊತ್ತು ನಡೆಯುವುದು ಫಾದಿಯಾಗಿತ್ತು. ಆಕೆಯ ಬುತ್ತಿಯಲ್ಲಿದ್ದ ಅಷ್ಟನ್ನೂ ರಿಜಾ ದೊಡ್ಡ ಮನಸ್ಸು ಮಾಡಿ ತಿಂದು ಮುಗಿಸಿದ್ದ.

ಮದಾಮ್ ಓದಿಲ್ ಪ್ರತಿ ಸಲವೂ ಎದೆಯ ಮೇಲೆ ಕೈಯಿಟ್ಟು ಕಾಡಿನ ಕ್ಷಮೆ ಕೇಳುತ್ತಿದ್ದಳು. ಆಕೆಗೆ ಇನ್ನೊಂದು ಗುಣವಿತ್ತು. ಕಲಿತ ಫಾದಿಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ, ತಾವಿಬ್ಬರೂ ಅದನ್ನು ಪಾಲಿಸಿದೆವೆಂದು ತಿಳಿಸದಿದ್ದರೆ ಆಕೆಗೆ ಸಮಾಧಾನವಾಗುತ್ತಿರಲಿಲ್ಲ.

ಜೀಪು ಪಶ್ಚಿಮಕ್ಕೆ ತಿರುಗಿದಾಗ ಡ್ರೈವರ್ ದೇರಾ ತಡೆಯಲಾರದೆ ಗೊಣಗಿದ. "ಪಿತೃಗಳ ಬಾಯಿಗೆ ನಿನ್ನ ಮಾತು ತುರುಕ್ಬೇಡ ಮಾರಾಯ. ಗೊತ್ತಾದ್ರೆ ನಿನಗೆ ಯಾರು ಹೆಣ್ಣು ಕೊಡ್ತಾರೆ?"

"ಗೊತ್ತಾಗೋದು ಹೇಗೆ? ಪಿತೃಗಳು ಬಂದು ಸಾಕ್ಷಿ ಹೇಳ್ತಾರಾ?"

ರಿಜಾ ನಕ್ಕನೇನೋ ಸರಿ, ದೇರಾನ ಮಾತು ಮಾತ್ರ ತಟ್ಟಬೇಕಾದಲ್ಲೇ ತಟ್ಟಿತ್ತು. ಯಾವ ಪ್ರವಾಸಿ ಸಿಕ್ಕರೂ ರಿಜಾ ದಾರಿಯನ್ನು ಹೇಗೋ ಬಳಸಿ, ಬಾವೊಬಾಬ್ ಮರಗಳ ನಡುವಿನ ಮಹಾಜುವಿನ ಊರಿಗೆ ತಂದು ಮುಗಿಸುತ್ತಿದ್ದ. ಮಹಾಜುವಿನ ಮಗಳು ಸುವಜಾರಾ. ಸುಳ್ಳನ್ನೇ ಉಸಿರಾಡುವ ರಿಜಾನಲ್ಲಿ ನಿಜವೆನ್ನಬಹುದಾದದ್ದು ಅವಳ ಮೇಲಿನ ಪ್ರೀತಿಯೊಂದೇ. ಆದರೆ ಅವನು ಬೆಟ್ಟದ ಸೀಮೆಯವನು, ಅವಳು ಕರಾವಳಿಯವಳು. ಬೆಟ್ಟದವರಿಗೆ ಕರಾವಳಿಯವರು ಸೋಮಾರಿಗಳು, ಕರಾವಳಿಯವರಿಗೆ ಬೆಟ್ಟದವರು ಜಂಬದವರು. ಮುದುಕ ಮಹಾಜುವಿನ ಮನಸ್ಸು ಕರಗಲು ವರ್ಷಗಳೇ ಹಿಡಿದಿದ್ದವು. ಇನ್ನು ಉಳಿದದ್ದು, ವಾಡಿಕೆಯಂತೆ ಕುರಿಯ ತೊಡೆ ಹಿಡಿದು ಮನೆಯೊಳಗೆ ಹೋಗಿ, ಪಿತೃಗಳಿರುವ ಈಶಾನ್ಯ ಮೂಲೆಯಲ್ಲಿ ಕೂತು ಹೆಣ್ಣು ಕೇಳುವುದು. ಹೊರಗೆ ನಿಂತು ಕೇಳಿದರೆ ಅದನ್ನು ಯಾರೂ ಮದುವೆ ಎನ್ನುವುದಿಲ್ಲ.

ಅವರು ಊರು ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಮಹಾಜು ಜಗಲಿಯ ಮೇಲೆ ಮಂಕಾಗಿ ಕೂತಿದ್ದ. ಅವನ ಒಳ್ಳೆಯ ಎತ್ತೊಂದು ಕಾರಣವೇ ತಿಳಿಯದೆ ಸತ್ತಿತ್ತು. ನೆರೆಹೊರೆಯವರು ಸುತ್ತ ಸೇರಿದ್ದರು. ಮದಾಮ್ ಓದಿಲ್ ಕಣ್ಣರಳಿಸಿದಳು. "ಈ ಹಿರಿಯರ ಕಥೆಗಳನ್ನೆಲ್ಲ ಕೇಳಬೇಕು. ಒಂದೂ ಬಿಡದೆ ನೀನು ಅನುವಾದಿಸು ರಿಜಾ."

ಬಾವಿಯ ಕಡೆ ಸುವಜಾರಾ ಖಾಲಿ ಕೊಡ ಹಿಡಿದು ಮೆಲ್ಲಗೆ ಹೋಗುತ್ತಿದ್ದಳು. ಮುದುಕನ ಕಥೆಗಳಿಗೋ ಕೊನೆಯೆಂಬುದಿರಲಿಲ್ಲ.

"ಅಯ್ಯೋ ಮದಾಮ್, ಬೆಟ್ಟದವರು ಇವರ ಬೇಲಿ ದಾಟೋದು ಫಾದಿ. ನೀವು ಹೋಗಿ, ಮುದುಕಪ್ಪನಿಗೆ ಹರಕುಮುರುಕು ಫ್ರೆಂಚ್ ಬರುತ್ತೆ," ಎಂದವನೇ ಬಾವಿಯತ್ತ ಹೆಜ್ಜೆ ಹಾಕಿದ. ಹಿಂದೆ ಅದೇ ಜಗಲಿಯಲ್ಲಿ ಕೂತು ಅವನು ರಮ್ ಕುಡಿದದ್ದಕ್ಕೆ ಲೆಕ್ಕವಿರಲಿಲ್ಲ.

ಮದಾಮ್ ಒಳಗೆ ಹೋಗಿ, ಎದೆಯ ಮೇಲೆ ಕೈಯಿಟ್ಟು, ರಿಜಾ ಹೊರಗುಳಿದ ಕಾರಣವನ್ನು ಎಲ್ಲರ ಎದುರು ಭಕ್ತಿಯಿಂದ ವಿವರಿಸಿದಳು. ಮಹಾಜು ಗಡ್ಡ ನೀವಿಕೊಂಡ. ನೆರೆಯವರ ಮುಖ ನೋಡಿದ. ನಿಧಾನವಾಗಿ ತಲೆಯಾಡಿಸಿದ. "ಹೌದೌದು. ಹಳೇ ಫಾದಿ."

ಬಾವಿಕಟ್ಟೆಯವರೆಗೂ ಕೇಳಿಸಿದ ಆ ಮಾತಿಗೆ ರಿಜಾ ಬಾಯಿಗೆ ಅಂಗೈ ಒತ್ತಿ ನಕ್ಕ.

"ಏನು ನಗು?" ಎಂದಳು ಸುವಜಾರಾ.

"ನಿಮ್ಮಪ್ಪ ದೊಡ್ಡ ಮನುಷ್ಯ."

"ಮಳೆಗಾಲ ಕಳೆದ ಮೇಲೆ ಕುರಿ ತೊಡೆ ತಗೊಂಡು ಬಾ. ಅಪ್ಪ ಇಲ್ಲ ಅನ್ನಲ್ಲ. ಬರುವಾಗ ಈ ಹಲ್ಲು ಕಿಸಿಯೋದನ್ನ ಮನೇಲೇ ಬಿಟ್ಟು ಬಾ."

ಮಳೆಗಾಲವಿಡೀ ರಸ್ತೆ ಮುಚ್ಚಿತ್ತು. ರಿಜಾ ಹೊಸ ಟೋಪಿ ಕೊಂಡ, ಹೆಣ್ಣು ಕೇಳುವ ಮಾತುಗಳನ್ನು ಬಾಯಿಪಾಠ ಮಾಡಿದ. ಹಳೆಯ ಸುಳ್ಳುಗಳನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ದಾರಿ ತೆರೆದ ಕೂಡಲೇ ಕುರಿಯ ತೊಡೆ ಹೊತ್ತು, ದೇರಾನ ಜೀಪಿನಲ್ಲಿ ಬಂದಿಳಿದ.

ಬೇಲಿಯ ಹೊರಗೆ ಬೆಟ್ಟದ ಸೀಮೆಯ ಅಕ್ಕಿ ವ್ಯಾಪಾರಿಯೊಬ್ಬ ಮೂಟೆಯ ಪಕ್ಕ ನಿಂತು, ಬೆವರೊರೆಸಿಕೊಳ್ಳುತ್ತ ಬೆಲೆ ಕೂಗಿ ಹೇಳುತ್ತಿದ್ದ.

"ಮಾವ ಭಾರಿ ಜಿಪುಣ. ಬಿಸಿಲಲ್ಲಿ ನಿಲ್ಲಿಸಿದ್ರೆ ಬೆಲೆ ಇಳಿಯುತ್ತೆ ಅಂತ," ರಿಜಾ ದೇರಾನಿಗೆ ಕಣ್ಣು ಹೊಡೆದ. ಬೇಲಿಯ ಬಾಗಿಲಿಗೆ ಕೈ ಹಾಕಿದ.

ಒಳಗಿನಿಂದ ಮಹಾಜುವಿನ ಊರುಗೋಲು ಅಡ್ಡ ಬಂತು. ಅವನ ಹಿಂದೆ, ಬಾಗಿಲಲ್ಲಿ, ಸುವಜಾರಾ ಅತ್ತು ಕಣ್ಣು ಕೆಂಪಾಗಿಸಿಕೊಂಡು ನಿಂತಿದ್ದಳು.

"ಅಲ್ಲೇ ನಿಲ್ಲಪ್ಪ," ಎಂದ ಮುದುಕ. ದನಿಯಲ್ಲಿ ನಿಜವಾದ ಸಂಕಟವಿತ್ತು. "ನಿನಗೇ ಕೊಡಬೇಕು ಅಂತಿದ್ದೆ. ಆದ್ರೆ ಒಳಗೆ ಬರದೆ ಹೆಣ್ಣು ಹೇಗೆ ಕೇಳ್ತೀಯ? ಫಾದಿ ಅಡ್ಡ ಇದೆಯಲ್ಲ."

"ಯಾವ ಫಾದಿ ಮಾವ? ಯಾವನೋ ಬಡ್ಡಿಮಗ ಹುಟ್ಟಿಸಿರೋ ಸುಳ್ಳದು."

"ಬಿಡ್ತು ಅನ್ನು. ಪಿತೃಗಳ ಹೆಸರಲ್ಲಿ ಸುಳ್ಳು ಹುಟ್ಟಿಸೋನಿಗೆ ಹೆಣ್ಣಿರಲಿ, ಈ ಊರಲ್ಲಿ ಯಾರೂ ನೀರು ಕೂಡ ಕೊಡಲ್ಲ. ಆ ಫಾದಿ ಮರೆತಿದ್ದಕ್ಕೇ ನನ್ನ ಎತ್ತು ಸತ್ತಿದ್ದು."

ಜೀಪಿನೊಳಗೆ ದೇರಾ ಕೆಮ್ಮಿದ.

"ಯಾರು ಹೇಳಿದ್ದು ನಿಮಗೆ?" ರಿಜಾ ಕುರಿಯ ತೊಡೆಯನ್ನು ಹೆಗಲಿಂದ ಹೆಗಲಿಗೆ ಬದಲಿಸಿದ. "ಹೆಸರು ಹೇಳಿ, ನಾನು ನೋಡ್ಕೋತೀನಿ."

"ನೀನೇ ಅಲ್ವೇನಪ್ಪ, ಬೆಟ್ಟದವರು ನಮ್ಮ ಬೇಲಿ ದಾಟಬಾರದು ಅಂತ ಆ ಮದಾಮ್‌ಗೆ ಹೇಳಿ, ಅವತ್ತು ಹೊರಗೇ ಉಳಿದ ಪುಣ್ಯಾತ್ಮ?"