ಅಚ್ಚು ಬಿಚ್ಚಿದ ದಿನ

"ಗಾರೆ ಇನ್ನೂ ಒಣಗಿಲ್ಲ," ಎಂದ ಸುನ್ಯೇರ್ ಮೇಸ್ತ್ರಿ, ಉಳಿಗೆ ಸಾಣೆ ಹಿಡಿಯುತ್ತಿದ್ದವನು ತಲೆಯೆತ್ತದೆ.

ಪಾದ್ರಿ ಮಿರೋ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಈಸ್ಟರಿಗೂ ಇದೇ ಮಾತು, ಸುಗ್ಗಿಗೂ ಇದೇ ಮಾತು. ಅದೇನು ಗಾರೆಯೋ ಅಂಬಲಿಯೋ? ಸಂತ ಮಾರ್ತಿನನ ಹಬ್ಬಕ್ಕೆ ಬಿಷಪ್ಪರು ಬರ್ತಾರೆ. ಅಷ್ಟರಲ್ಲಿ ಚಾವಣಿ ಕೆಳಗಿನ ಆ ಮರದ ಅಚ್ಚು ಇಳೀಬೇಕು. ಇನ್ನೊಂದು ಚಳಿಗಾಲ ಬಯಲಲ್ಲಿ ನಿಂತು ಪೂಜೆ ಮಾಡೋದು ನನ್ನಿಂದಾಗಲ್ಲ ಕಣಯ್ಯಾ. ಬಟ್ಟಲಲ್ಲೇ ದ್ರಾಕ್ಷಾರಸ ಹೆಪ್ಪುಗಟ್ಟುತ್ತೆ."

ಪಾದ್ರಿ ಗೊಣಗುತ್ತ ಹೋದರು. ಅದಕ್ಕಿಂತ ಹೆಚ್ಚು ಗದರಲು ಅವರಿಗೂ ಬಾಯಿ ಬರಲಿಲ್ಲ. ಪಿರೆನೀಸ್ ಬೆಟ್ಟದ ಆ ಕಣಿವೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಇದೇ ಇಗರ್ಜಿಗೆ ಮೊದಲು ಕಟ್ಟಿದ ಕಲ್ಲಿನ ಕಮಾನು ಚಾವಣಿ, ಗಾರೆ ಗಟ್ಟಿಯಾಗುವ ಮುಂಚೆಯೇ ಕೆಳಗಿನ ಮರದ ಅಚ್ಚು ತೆಗೆದದ್ದರಿಂದ ಕುಸಿದುಬಿದ್ದಿತ್ತು. ಕೆಳಗೆ ಸಿಕ್ಕಿದವನು ಸುನ್ಯೇರನ ಒಬ್ಬನೇ ಮಗ ಗಿಫ್ರೆ. ಮುದುಕ ಮತ್ತೆ ಗೋಡೆಯಿಂದ ಶುರುಮಾಡಿ, ಇನ್ನೂ ದಪ್ಪಗೆ, ಇನ್ನೂ ನಿಧಾನವಾಗಿ ಚಾವಣಿ ಮುಗಿಸಿದ್ದ. ಆದರೆ ಅಚ್ಚು ಮಾತ್ರ ಒಂದು ವರ್ಷದಿಂದ ಹಾಗೇ ಇತ್ತು. ಇಗರ್ಜಿಯ ಒಳಗೆಲ್ಲ ಆಸರೆಯ ಕಂಬಗಳು, ಕತ್ತಲೆ.

ಗಿಫ್ರೆಯ ಹೆಂಡತಿ ಗಿಸ್ಲಾ ಸುಣ್ಣದ ಗುಂಡಿಯ ಹತ್ತಿರದಿಂದ ಎಲ್ಲವನ್ನೂ ಕೇಳಿಸಿಕೊಂಡಳು. ತವರು ಅಂತ ಅವಳಿಗೆ ಯಾರೂ ಇರಲಿಲ್ಲ. ಗಂಡನನ್ನು ಮಣ್ಣುಮಾಡಿ ಬಂದ ಮಾರನೇ ದಿನವೇ ಅವನ ಸಲಿಕೆ ಎತ್ತಿಕೊಂಡು ಮಾವನಿಗೆ ಗಾರೆ ಕಲಸಲು ನಿಂತವಳು ಅವಳು. ಈಗ ಘಾಟಿಯಾಚೆಯ ಬೆರೆಂಗೇರ್ ಅವಳನ್ನು ಮದುವೆಗೆ ಕೇಳಿದ್ದ. ಹೇಸರಗತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಬರುವ, ಮಾತು ಕಡಿಮೆಯ ಒಳ್ಳೆಯ ಮನುಷ್ಯ. "ಇಗರ್ಜಿ ಮುಗೀಲಿ, ಬರ್ತೀನಿ," ಎಂದಿದ್ದಳು. ಎರಡು ಸಲ ಬಂದು ಬರಿಗೈಯಲ್ಲಿ ಹೋಗಿದ್ದ.

ಗಿಸ್ಲಾ ಕೈ ಒರೆಸಿಕೊಂಡು ಮಾವನ ಎದುರು ಬಂದು ಕೂತಳು.

"ಮೇಲೆ ಹತ್ತಿ ಮೊಳೆಯಲ್ಲಿ ಗೀರಿ ನೋಡಿದೆ ಮಾವ. ಮೊಳೆ ಬಾಗಿತು, ಗಾರೆ ಜಗ್ಗಲಿಲ್ಲ."

ಮುದುಕ ಸಾಣೆ ಹಿಡಿಯುವುದನ್ನು ನಿಲ್ಲಿಸಲಿಲ್ಲ.

"ಬೀಳುತ್ತೆ ಅಂತ ಹೆದರಿಕೆನಾ?"

"ಬೀಳಲ್ಲ," ಎಂದ ಸುನ್ಯೇರ್. "ಬೀಳಲ್ಲ ಅಂತ ಗೊತ್ತು. ಅದಕ್ಕೇ ಹೆದರಿಕೆ."

ಅವಳಿಗೆ ಅರ್ಥವಾಗಲಿಲ್ಲ.

"ಅದು ನಿಂತರೆ ಕೆಲಸ ಮುಗೀತು. ಕೆಲಸ ಮುಗಿದರೆ ನೀನು ಘಾಟಿ ಹತ್ತಿ ಹೋಗ್ತೀಯ. ಆಮೇಲೆ 'ಗಾರೆಗೆ ನೀರು ಜಾಸ್ತಿ ಆಯ್ತು, ದರಿದ್ರದವಳೇ' ಅಂತ ನಾನು ಯಾರನ್ನ ಬೈಲಿ?"

ಗಿಸ್ಲಾಗೆ ನಗು ಬಂತು. ನಗು ಪೂರ್ತಿ ಮುಗಿಯುವ ಮೊದಲೇ ಅವಳು ಘಾಟಿಯ ಕಡೆ ನೋಡಿದಳು. "ಮೊದಲ ಹಿಮ ಬಿದ್ದರೆ ದಾರಿ ಮುಚ್ಚುತ್ತೆ. ಈ ವರ್ಷವೂ ಮುಚ್ಚಿಬಿಡಲಿ ಅಂತ ಕಾಯ್ತಾ ಇದ್ರಾ?"

ಮುದುಕ ಉಳಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದ.

ಅವಳು ಎದ್ದು ಮರದ ಕೊಡತಿ ಹುಡುಕಿ ತಂದಳು. ಸೀದಾ ಒಳಗೆ ಹೋಗಿ ಮೊದಲ ಕಂಬದ ಬುಡಕ್ಕೆ ಬಡಿದಿದ್ದ ಬೆಣೆಯ ಮುಂದೆ ಮಂಡಿಯೂರಿದಳು. ಸುನ್ಯೇರ್ ಎದ್ದುಬಿದ್ದು ಹಿಂದೆಯೇ ಓಡಿಬಂದ.

"ಏ ಹುಚ್ಚಿ, ಹಾಗಲ್ಲ! ಒಂದೇ ಕಡೆ ಬಡೀಬಾರದು. ಎಡಕ್ಕೊಂದು, ಬಲಕ್ಕೊಂದು. ಕೊಡು ಇಲ್ಲಿ. ನೀನು ಹೊರಗೆ ನಡಿ."

"ನೀವು?"

"ಕಟ್ಟಿದವನು ಕೆಳಗೆ ನಿಲ್ಲಬೇಕು. ಅದು ಮೊದಲಿಂದಲೂ ಹಾಗೇ."

"ಹಾಗಾದ್ರೆ ಗಾರೆ ಕಲಸಿದವಳೂ ನಿಲ್ಲಬೇಕು," ಎಂದು ಗಿಸ್ಲಾ ಇನ್ನೊಂದು ಕೊಡತಿ ಎತ್ತಿಕೊಂಡು ಎದುರಿನ ಸಾಲಿಗೆ ಹೋದಳು.

ಸುನ್ಯೇರ್ ಒಂದು ಏಟು ಹಾಕಿದ, ಅವಳು ಒಂದು ಹಾಕಿದಳು. ಬೆಣೆಗಳು ಕೂದಲೆಳೆಯಷ್ಟು, ಆಮೇಲೆ ಬೆರಳಷ್ಟು ಸರಿದವು. ಅಚ್ಚು ನರಳಿತು. ಮೇಲಿನಿಂದ ಮರಳು ಸುರಿದು ಮುದುಕನ ಅಂಗಿಯೊಳಗೆ ಇಳಿಯಿತು. ಎಲ್ಲೋ ಒಂದು ಕಲ್ಲು ಟಕ್ಕೆಂದಿತು. ಸುನ್ಯೇರನ ಕೈ ಗಾಳಿಯಲ್ಲೇ ನಿಂತಿತು. ಗಿಸ್ಲಾ ಓಡಿಬಂದು ಅವನ ಪಕ್ಕ ನಿಂತಳು. ಅವನು ಅವಳ ತೋಳಿನ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡ.

ಕಲ್ಲಿಗೂ ಮರಕ್ಕೂ ನಡುವೆ ಒಂದು ಕಪ್ಪು ಗೆರೆ ಮೂಡಿತು. ಅಚ್ಚು ಕೆಳಗೆ ಕೂತಿತ್ತು. ಚಾವಣಿ ತನ್ನ ಜಾಗದಲ್ಲೇ ಇತ್ತು.

ಸುನ್ಯೇರ್ ಅಲ್ಲೇ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತ. ಮಗ ಹೋದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಗಿಸ್ಲಾ ಅವನ ತಲೆಯ ಮೇಲಿನ ಸುಣ್ಣದ ಚೂರುಗಳನ್ನು ಒಂದೊಂದೇ ಹೆಕ್ಕುತ್ತ ಕೂತಳು.

ಸಂಜೆಯ ಹೊತ್ತಿಗೆ ಹಲಗೆಗಳೆಲ್ಲ ಹೊರಗೆ ಬಿದ್ದಿದ್ದವು. ಹಸಿ ಗಾರೆ ಅಂಟದಿರಲೆಂದು ಅಚ್ಚಿನ ಮೇಲೆ ಹಾಸಿದ್ದ ಜೊಂಡಿನ ಚಾಪೆಯ ಗುರುತು ಚಾವಣಿಯುದ್ದಕ್ಕೂ ಎಳೆಎಳೆಯಾಗಿ ಮೂಡಿತ್ತು. ಪಾದ್ರಿ ಮಿರೋ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಬಂದವರು ಖುಷಿಯಲ್ಲಿ ತಡೆಯಿಲ್ಲದೆ ಮಾತಾಡಿದರು.

"ಬಿಷಪ್ಪರು ಬಂದಾಗಲೇ ಇಗರ್ಜಿ ಬಾಗಿಲಲ್ಲಿ ಗಿಸ್ಲಾಳ ಮದುವೆಯೂ ಆಗಿಹೋಗಲಿ. ಬೆರೆಂಗೇರನಿಗೆ ಹೇಳಿಕಳಿಸ್ತೀನಿ. ಅಂದಹಾಗೆ, ಹೆಣ್ಣಿನ ಕಡೆಯವರು ಅಂತ ಇವಳಿಗೆ ಯಾರೂ ಇಲ್ಲವಲ್ಲ? ಕೈಹಿಡಿದು ಕೊಡೋಕೆ ಒಬ್ಬರು ಬೇಕು."

"ನಾನು ಕೊಡ್ತೀನಿ," ಎಂದ ಸುನ್ಯೇರ್.

"ನೀನಾ? ಸತ್ತ ಗಂಡನ ಅಪ್ಪ ಕಣಯ್ಯಾ ನೀನು! ಗಂಡಿನ ಕಡೆಯವನು ಹೆಣ್ಣಿನ ಕಡೆ ನಿಲ್ಲೋದು ಎಲ್ಲಾದರೂ ಉಂಟಾ?"

ಮುದುಕ ತಲೆಯೆತ್ತಿ ಚಾವಣಿ ತೋರಿಸಿದ.

"ಅಲ್ಲಿ ನೋಡಿ ಸ್ವಾಮಿ. ಕಲ್ಲು ನಂದು, ಗಾರೆ ಅವಳದು. ಯಾವುದು ಯಾರ ಕಡೆ ಅಂತ ಈಗ ನೀವೇ ಬಿಡಿಸಿ."